ತಾಳ, ಲಯ, ನಡೆ: ಕರ್ನಾಟಕ ಸಂಗೀತ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಕರ್ನಾಟಕ ಸಂಗೀತದ ಪದ್ಧತಿಗೆ ಸಂಬಂಧಿಸಿದವು. ಹಿಂದೂಸ್ತಾನಿ, ಯಕ್ಷಗಾನದ ಮಾತು ಬಂದಲ್ಲಿ ಹಾಗೆಂದು ಹೇಳಿದ್ದೇವೆ. ‘ಎಣಿಕೆ’ ಎಂದರೆ ತಾಳ ಹಾಕುವ ಕೈಯ ಒಂದು ಕ್ರಿಯೆ, ಪಠ್ಯಗಳು ಅಕ್ಷರಕಾಲ ಎನ್ನುವುದು ಇದನ್ನೇ. ‘ಮಾತ್ರೆ’ ಎಂದರೆ ಆ ಒಂದು ಎಣಿಕೆಯೊಳಗಿನ ಪಾಲು. ಹೆಚ್ಚಿನ ತೊಡಕುಗಳು ಹುಟ್ಟುವುದು ಹಾಡಿಗೆ ತಕ್ಕಂತೆ ಕೈ ಆಡಿಸುವುದರಿಂದ. ಕೈ ತನ್ನ ಪಾಡಿಗೆ ನಡೆಯುತ್ತಿರಬೇಕು, ಹಾಡು ಅದರೊಳಗೆ ಕೂರಬೇಕು. ಕೆಳಗಿನ ಹಲವು ಉತ್ತರಗಳು ಈ ಒಂದು ವಿಷಯಕ್ಕೇ ಬಂದು ನಿಲ್ಲುತ್ತವೆ.

ಲಯ, ತಾಳ ಎರಡೂ ಒಂದೇ ಅಲ್ಲವೇ?

ಅಲ್ಲ. ಒಂದು ಎಣಿಕೆಗೂ ಮುಂದಿನ ಎಣಿಕೆಗೂ ನಡುವಿನ ಸಮನಾದ ಅಂತರ ಲಯ. ಆ ಎಣಿಕೆಗಳನ್ನು ಗುಂಪು ಕಟ್ಟಿ, ಮತ್ತೆ ಮೊದಲಿಗೆ ಬರುವಂತೆ ಸುತ್ತು ಹಾಕಿದರೆ ತಾಳ. ಒಂದು ಸುತ್ತಿಗೆ ಆವರ್ತ ಎನ್ನುತ್ತೇವೆ, ಅದರ ಮೊದಲ ಎಣಿಕೆ ಸಮ. ನಿಮಿಷಕ್ಕೆ 60 ಎಣಿಕೆಯಂತೆ ಆದಿತಾಳ ಹಾಕಿದರೆ ಒಂದು ಆವರ್ತಕ್ಕೆ 8 ಸೆಕೆಂಡು ಬೇಕು, 80ರಂತೆ ಹಾಕಿದರೆ 6 ಸೆಕೆಂಡು ಸಾಕು. ಲಯ ಬದಲಾಯಿತು, ತಾಳ ಅದೇ ಆದಿ.

ಆದಿತಾಳವನ್ನು ಸರಿಯಾಗಿ ಹಾಕುವುದು ಹೇಗೆ?

ಬಲಗೈ ತೊಡೆಯ ಮೇಲಿರಲಿ. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು: ನಾಲ್ಕು ಎಣಿಕೆಯ ಲಘು ಮುಗಿಯಿತು. ನಂತರ ಪೆಟ್ಟು, ಹುಸಿ. ಮತ್ತೆ ಪೆಟ್ಟು, ಹುಸಿ. ಇವು ತಲಾ ಎರಡು ಎಣಿಕೆಯ ಎರಡು ದ್ರುತಗಳು. 4+2+2, ಒಟ್ಟು 8.

ಹುಸಿ ಎಂದರೆ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು. ಅದಕ್ಕೆ ಸದ್ದಿಲ್ಲ, ಆದರೆ ಕಾಲ ಪೆಟ್ಟಿನಷ್ಟೇ ಇದೆ. ಕೈಯನ್ನು ಮೇಲಕ್ಕೆ ಹಾರಿಸಿ ತಕ್ಷಣ ಕೆಳಗೆ ತಂದರೆ ಆರನೇ ಮತ್ತು ಎಂಟನೇ ಎಣಿಕೆ ಕಿರಿದಾಗುತ್ತವೆ. ಹೊಸಬರ ತಾಳ ಓಡುವುದಕ್ಕೆ ಬಹಳ ಸಲ ಇದೇ ಕಾರಣ.

ಲಘು ನಾಲ್ಕಕ್ಕಿಂತ ಉದ್ದವಾದರೆ ಬೆರಳು ಸಾಲುವುದಿಲ್ಲವಲ್ಲ?

ಸಾಲುತ್ತದೆ. ಖಂಡ ಲಘು (5) ಎಂದರೆ ಪೆಟ್ಟು ಮತ್ತು ಕಿರುಬೆರಳಿನಿಂದ ತೋರುಬೆರಳವರೆಗೆ ನಾಲ್ಕು ಬೆರಳು. ಮಿಶ್ರ ಲಘುವಿಗೆ (7) ಪೆಟ್ಟಿನ ಮೇಲೆ ಆರು ಬೆರಳೆಣಿಕೆ ಬೇಕು: ಕಿರುಬೆರಳಿನಿಂದ ಹೆಬ್ಬೆರಳವರೆಗೆ ಐದು, ಆಮೇಲೆ ಮತ್ತೆ ಕಿರುಬೆರಳು. ಸಂಕೀರ್ಣ ಲಘುವಿಗೆ (9) ಹೆಬ್ಬೆರಳಾದ ಮೇಲೆ ಮತ್ತೆ ಕಿರು, ಉಂಗುರ, ನಡುಬೆರಳು. ಹೆಬ್ಬೆರಳಿನಿಂದ ಕಿರುಬೆರಳಿಗೆ ಮರಳುವ ಜಾಗದಲ್ಲಿ ಕೈ ತಡವರಿಸುತ್ತದೆ. ಅಷ್ಟನ್ನೇ ಹಾಡಿಲ್ಲದೆ ಹತ್ತಿಪ್ಪತ್ತು ಸಲ ಹಾಕಿ ನೋಡಿ.

ಸಪ್ತತಾಳ, 35 ತಾಳ ಎನ್ನುತ್ತಾರಲ್ಲ, ಅಷ್ಟನ್ನೂ ಬಾಯಿಪಾಠ ಮಾಡಬೇಕೇ?

ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವವರು ಪಟ್ಟಿಯನ್ನೇ ಉರುಹೊಡೆಯುತ್ತಾರೆ. ಅದರ ಅಗತ್ಯವಿಲ್ಲ. ಅಂಗಗಳು ಮೂರೇ: ಲಘು, ಎರಡು ಎಣಿಕೆಯ ದ್ರುತ, ಒಂದೇ ಪೆಟ್ಟಿನ ಅನುದ್ರುತ. ಏಳು ತಾಳಗಳ ಕಟ್ಟು ಗೊತ್ತಿದ್ದರೆ ಉಳಿದದ್ದು ಕೂಡಿಸುವ ಲೆಕ್ಕ:

ಧ್ರುವ: ಲಘು, ದ್ರುತ, ಲಘು, ಲಘು
ಮಠ್ಯ: ಲಘು, ದ್ರುತ, ಲಘು
ರೂಪಕ: ದ್ರುತ, ಲಘು
ಝಂಪೆ: ಲಘು, ಅನುದ್ರುತ, ದ್ರುತ
ತ್ರಿಪುಟ: ಲಘು, ದ್ರುತ, ದ್ರುತ
ಅಟ್ಟ: ಲಘು, ಲಘು, ದ್ರುತ, ದ್ರುತ
ಏಕ: ಲಘು

ಲಘುವಿಗೆ ಐದು ಜಾತಿ: ತಿಶ್ರ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9. ಏಳು ಐದಲೆ ಮೂವತ್ತೈದು. ಸಂಕೀರ್ಣ ಜಾತಿ ಧ್ರುವ ಎಷ್ಟು ಎಂದು ಕೇಳಿದರೆ 9+2+9+9, 29. ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ಉದ್ದ. ತಿಶ್ರ ಏಕ 3, ಅದೇ ಎಲ್ಲಕ್ಕಿಂತ ಗಿಡ್ಡ.

ಜಾತಿ ಹೇಳದೆ ಬರೀ ಹೆಸರು ಹೇಳಿದರೆ ಧ್ರುವ, ಮಠ್ಯ, ರೂಪಕ, ಏಕ ಇವು ಚತುರಶ್ರ, ಝಂಪೆ ಮಿಶ್ರ, ತ್ರಿಪುಟ ತಿಶ್ರ, ಅಟ್ಟ ಖಂಡ ಎಂದು ಹಿಡಿಯುವುದು ರೂಢಿ. ಆದಿತಾಳವೂ ಈ ಪಟ್ಟಿಯ ಹೊರಗಿನದಲ್ಲ, ಅದು ಚತುರಶ್ರ ಜಾತಿ ತ್ರಿಪುಟ. ಈ ಏಳು ತಾಳಗಳು ನಮಗೆ ಬಳಕೆಯಲ್ಲಿ ಉಳಿದು ಬಂದದ್ದರಲ್ಲಿ ಹರಿದಾಸರ ಸುಳಾದಿಗಳ ಪಾಲು ದೊಡ್ಡದು. ಸುಳಾದಿಯ ಒಂದೊಂದು ಖಂಡವನ್ನೂ ಒಂದೊಂದು ತಾಳದಲ್ಲಿ ಹಾಡುವ ಕ್ರಮ ಪುರಂದರದಾಸರ ಕಾಲಕ್ಕೇ ನೆಲೆ ನಿಂತಿತ್ತು.

ಧ್ರುವವೂ 14, ಅಟ್ಟವೂ 14. ಹಾಗಿದ್ದರೆ ವ್ಯತ್ಯಾಸ ಏನು?

ಮೊತ್ತ ಒಂದೇ, ಒಳಗಿನ ಹಂಚಿಕೆ ಬೇರೆ. ಚತುರಶ್ರ ಧ್ರುವ 4+2+4+4, ಖಂಡ ಅಟ್ಟ 5+5+2+2. ಧ್ರುವದಲ್ಲಿ ಪೆಟ್ಟು ಬೀಳುವುದು 1, 5, 7, 11ನೇ ಎಣಿಕೆಗೆ. ಅಟ್ಟದಲ್ಲಿ 1, 6, 11, 13ಕ್ಕೆ. ರಚನೆಕಾರರು ಸಾಹಿತ್ಯದ, ಸ್ವರದ ಒತ್ತನ್ನು ಈ ಪೆಟ್ಟುಗಳಿಗೆ ಹೊಂದಿಸುತ್ತಾರೆ. ಅಟ್ಟತಾಳದ ವರ್ಣಗಳಲ್ಲಿ ಆರನೇ ಎಣಿಕೆಗೆ ಹೊಸ ಸಂಚಾರ ಏಳುವುದನ್ನು ಗಮನಿಸಿ. ಅದೇ ವರ್ಣಕ್ಕೆ ಧ್ರುವದ ಕೈ ಹಾಕಿದರೆ ಲೆಕ್ಕ ಮುಗಿಯುವುದೇನೋ ಸಮದಲ್ಲೇ, ಆದರೆ ನಡುವೆ ಹಾಡಿಗೂ ಕೈಗೂ ಜಗಳ ನಡೆಯುತ್ತಲೇ ಇರುತ್ತದೆ.

ಜಾತಿ, ನಡೆ ಇವೆರಡರ ಗೊಂದಲ ಬಿಡಿಸಿ.

ಎರಡಕ್ಕೂ ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಅದೇ ಐದು ಹೆಸರು ಇರುವುದರಿಂದ ಈ ಗೊಂದಲ. ಜಾತಿ ಬದಲಾದರೆ ಲಘುವಿನ ಎಣಿಕೆ ಬದಲಾಗುತ್ತದೆ, ಅಂದರೆ ಬೆರಳ ಲೆಕ್ಕ ಬೇರೆಯಾಗುತ್ತದೆ. ನಡೆ ಬದಲಾದರೆ ಕೈಗೆ ಏನೂ ಆಗುವುದಿಲ್ಲ, ಒಂದು ಎಣಿಕೆಯೊಳಗೆ ಎಷ್ಟು ಮಾತ್ರೆ ಎಂಬುದಷ್ಟೇ ಬದಲಾಗುತ್ತದೆ. ನಡೆಗೆ ಗತಿ ಎಂದೂ ಹೇಳುತ್ತಾರೆ.

ಆದಿತಾಳದ ಎಂಟು ಎಣಿಕೆ ಹಾಗೇ ಇರಲಿ. ತಿಶ್ರ ನಡೆಯಲ್ಲಿ (ತಕಿಟ) ಆವರ್ತಕ್ಕೆ 24 ಮಾತ್ರೆ, ಚತುರಶ್ರದಲ್ಲಿ (ತಕಧಿಮಿ) 32, ಖಂಡದಲ್ಲಿ (ತಕತಕಿಟ) 40, ಮಿಶ್ರದಲ್ಲಿ (ತಕಿಟತಕಧಿಮಿ) 56, ಸಂಕೀರ್ಣದಲ್ಲಿ (ತಕಧಿಮಿತಕತಕಿಟ) 72. ಮೂವತ್ತೈದು ತಾಳಕ್ಕೂ ಐದು ನಡೆ ಸೇರಿಸಿದರೆ ಪುಸ್ತಕಗಳಲ್ಲಿ ಕಾಣುವ 175 ಬರುತ್ತದೆ.

ನಡೆ ಬದಲಿಸುವಾಗ ತಾಳ ಓಡುತ್ತದೆ. ಏಕೆ?

ಚತುರಶ್ರದಿಂದ ತಿಶ್ರಕ್ಕೆ ಹೋಗುವಾಗ ಹೆಚ್ಚಿನವರು ಅಕ್ಷರಗಳ ವೇಗವನ್ನು ಹಾಗೇ ಇಟ್ಟುಕೊಂಡು ಒಂದು ಅಕ್ಷರ ಬಿಟ್ಟುಬಿಡುತ್ತಾರೆ. ಆಗ ನಾಲ್ಕು ಅಕ್ಷರಕ್ಕೆ ಬೀಳುತ್ತಿದ್ದ ಎಣಿಕೆ ಮೂರಕ್ಕೇ ಬೀಳಬೇಕಾಗುತ್ತದೆ, ಕೈ ಓಡುತ್ತದೆ. ಆಗಬೇಕಾದದ್ದು ಇದರ ತದ್ವಿರುದ್ಧ: ಕೈ ನಿಂತಲ್ಲೇ ನಿಂತು, ಅಕ್ಷರ ಹಿಗ್ಗಬೇಕು. ನಿಮಿಷಕ್ಕೆ 60 ಎಣಿಕೆ ಇದ್ದರೆ ‘ತಕಧಿಮಿ’ಯ ಒಂದೊಂದು ಅಕ್ಷರಕ್ಕೂ ಕಾಲು ಸೆಕೆಂಡು. ‘ತಕಿಟ’ದಲ್ಲಿ ಅದು ಸೆಕೆಂಡಿನ ಮೂರನೇ ಒಂದು ಪಾಲಾಗಬೇಕು. ‘ತಕತಕಿಟ’ಕ್ಕೆ ಬಂದರೆ ಐದನೇ ಒಂದು ಪಾಲು.

ಅಭ್ಯಾಸಕ್ಕೆ: ಮೆಟ್ರೊನೋಮನ್ನು 50ಕ್ಕೆ ಇಟ್ಟು ಆದಿತಾಳ ಹಾಕಿ. ಎರಡು ಆವರ್ತ ತಕಧಿಮಿ, ಎರಡು ಆವರ್ತ ತಕಿಟ, ಮತ್ತೆ ತಕಧಿಮಿ. ತಿಶ್ರಕ್ಕೆ ಹೋಗುವುದು ಅಷ್ಟು ಕಷ್ಟವಲ್ಲ, ಚತುರಶ್ರಕ್ಕೆ ಮರಳುವುದು ಕಷ್ಟ. ಮರಳಿದ ಮೊದಲ ಎರಡು ಎಣಿಕೆಯಲ್ಲಿ ಅಕ್ಷರಗಳು ಕುಂಟಿದರೆ ಖಂಡಕ್ಕೆ ಹೋಗಬೇಡಿ. ಇನ್ನೊಂದು ಮಾತು: ‘ತಕತಕಿಟ’ವನ್ನು ಎರಡು ಮತ್ತು ಮೂರು ಎಂದು ಒಡೆದು ಒತ್ತು ಕೊಟ್ಟು ಹೇಳಿದರೆ ಐದು ಸಮವಾಗಿ ಬರುವುದಿಲ್ಲ. ಮೊದಲು ಐದನ್ನೂ ಸಮತಟ್ಟಾಗಿ ಹೇಳುವುದು ಕಲಿಯಿರಿ.

ಅಲಂಕಾರಗಳನ್ನು ಮೂರನೇ ಕಾಲದಲ್ಲಿ ಹಾಡಿದರೆ ಸಮಕ್ಕೆ ಬಂದು ನಿಲ್ಲುವುದಿಲ್ಲ. ತಪ್ಪು ಎಲ್ಲಿದೆ?

ನಿಮ್ಮ ಹಾಡಿನಲ್ಲಿ ತಪ್ಪಿಲ್ಲ, ಲೆಕ್ಕವೇ ಹಾಗಿದೆ. ಅಲಂಕಾರ ಎಂದರೆ ತಾಳಕ್ಕೊಂದರಂತೆ ಇರುವ ಸ್ವರಾಭ್ಯಾಸ. ಎಣಿಕೆಗೆ ಒಂದು ಸ್ವರವಾದರೆ ಮೊದಲ ಕಾಲ, ಎರಡಾದರೆ ಎರಡನೇ ಕಾಲ, ನಾಲ್ಕಾದರೆ ಮೂರನೇ ಕಾಲ. ಧ್ರುವತಾಳದ ಅಲಂಕಾರ ನೋಡಿ:

ಸರಿಗಮ | ಗರಿ | ಸರಿಗರಿ | ಸರಿಗಮ

14 ಸ್ವರ, ಮೊದಲ ಕಾಲದಲ್ಲಿ ಒಂದು ಆವರ್ತ. ಷಡ್ಜದಿಂದ ಪಂಚಮದವರೆಗೆ ಒಂದೊಂದೇ ಸ್ವರ ಮೇಲೇರುತ್ತ ಆರೋಹಣದಲ್ಲಿ ಐದು ಸಾಲು, ತಾರಷಡ್ಜದಿಂದ ಮಧ್ಯಮದವರೆಗೆ ಇಳಿಯುತ್ತ ಅವರೋಹಣದಲ್ಲಿ ಐದು ಸಾಲು, ಒಟ್ಟು ಹತ್ತು. ಮೊದಲ ಕಾಲದಲ್ಲಿ ಹತ್ತು ಆವರ್ತ, ಎರಡನೇ ಕಾಲದಲ್ಲಿ ಐದು, ಮೂರನೇ ಕಾಲದಲ್ಲಿ ಎರಡೂವರೆ. ಹಾಗಾಗಿ ಏಳು ಎಣಿಕೆ ಕಳೆದಲ್ಲಿ, ಎರಡನೇ ಲಘುವಿನ ಪೆಟ್ಟು ಬಿದ್ದ ಮೇಲೆ, ನಿಮ್ಮ ಸ್ವರ ಮುಗಿದುಹೋಗಿರುತ್ತದೆ. ಏಳೂ ಅಲಂಕಾರಗಳಲ್ಲಿ ಸಾಲು ಹತ್ತೇ, ಆದ್ದರಿಂದ ಏಳರಲ್ಲೂ ಹೀಗೇ ಆಗುತ್ತದೆ.

ಪರಿಹಾರ ಸರಳ. ಮೂರನೇ ಕಾಲದಲ್ಲಿ ಇಡೀ ಅಲಂಕಾರವನ್ನು ನಿಲ್ಲಿಸದೆ ಎರಡು ಸಲ ಹಾಡಿ, ಐದು ಆವರ್ತಕ್ಕೆ ಸಮ ಸಿಗುತ್ತದೆ. ಎರಡನೇ ಸಲ ‘ಸರಿಗಮ’ ಶುರುವಾಗುವುದು ಲಘುವಿನ ಕಿರುಬೆರಳಿಗೆ. ಮಕ್ಕಳು ಅಲ್ಲಿ ಗಲಿಬಿಲಿಗೊಂಡು ಕೈಯನ್ನು ಸಮಕ್ಕೆ ಎಳೆದುಕೊಳ್ಳುತ್ತಾರೆ. ಬಿಡಬೇಡಿ. ಸಮವಲ್ಲದ ಜಾಗದಲ್ಲಿ ಹಾಡು ಹಿಡಿಯುವ ಮೊದಲ ಪಾಠ ಇಲ್ಲೇ ಸಿಗುತ್ತದೆ, ಮುಂದೆ ಕೃತಿಗಳ ಎಡುಪ್ಪಿಗೆ (ಆವರ್ತದಲ್ಲಿ ಹಾಡು ಎತ್ತುವ ಜಾಗಕ್ಕೆ) ಇದೇ ಕೈಹಿಡಿಯುತ್ತದೆ.

ಆದಿತಾಳದ ಮೊದಲ ಸ್ವರಪಾಠವಾದ ಸರಳೆಯಲ್ಲೂ ಇದರ ಚಿಕ್ಕ ರೂಪ ಇದೆ. ಮೊದಲ ಸರಳೆಯ ಆರೋಹಣ ಅವರೋಹಣ ಸೇರಿ 16 ಸ್ವರ. ಮೂರನೇ ಕಾಲದಲ್ಲಿ ಅದು ಅರ್ಧ ಆವರ್ತಕ್ಕೇ ಮುಗಿಯುವುದರಿಂದ ಎರಡು ಸಲ ಹಾಡಬೇಕು.

ರೂಪಕ ತಾಳ ಆರೋ, ಮೂರೋ?

ಪಾಠದಲ್ಲಿ ಪೆಟ್ಟು, ಹುಸಿ, ಪೆಟ್ಟು, ಮೂರು ಬೆರಳು: ಆರು. ಕಚೇರಿಯಲ್ಲಿ ಕೃತಿಗಳಿಗೆ ಎರಡು ಪೆಟ್ಟು, ಒಂದು ಹುಸಿ: ಮೂರು. ಮೂರರ ಲೆಕ್ಕದಲ್ಲಿ ಒಂದು ಎಣಿಕೆಗೆ ನಾಲ್ಕು ಮಾತ್ರೆ, ಒಟ್ಟು 12. ಅದೇ ಹಾಡಿಗೆ ಆರು ಎಣಿಕೆ ಹಾಕಿದರೆ ಎಣಿಕೆಗೆ ಎರಡು ಮಾತ್ರೆ, ಅದೂ 12. ಹಾಡು ಚುರುಕಾಗಿದ್ದಾಗ ಬೆರಳೆಣಿಸುವುದು ಕಷ್ಟ, ಅದಕ್ಕೇ ಮೂರರ ರೂಢಿ.

ಮಿಶ್ರಛಾಪು, ತ್ರಿಪುಟ ಎರಡೂ ಏಳಲ್ಲವೇ?

ಹೌದು, ಆದರೆ ಛಾಪುವಿನಲ್ಲಿ ಲಘುವೂ ಇಲ್ಲ, ಬೆರಳೆಣಿಕೆಯೂ ಇಲ್ಲ. ತ್ರಿಪುಟ ನಿಧಾನವಾಗಿ 3+2+2 ಎಂದು ಎಣಿಸುವ ತಾಳ. ಮಿಶ್ರಛಾಪು ಓಡುವ ತಾಳ, ತಕಿಟ ತಕಧಿಮಿ ಎಂದು ಮೂರು ಮತ್ತು ನಾಲ್ಕಾಗಿ ಕೇಳಿಸುತ್ತದೆ. ನಾಲ್ಕನೆಯ ಮತ್ತು ಆರನೆಯ ಮಾತ್ರೆಗೆ ಪೆಟ್ಟು ಎಲ್ಲರದೂ ಒಂದೇ. ಮೊದಲ ಮೂರು ಮಾತ್ರೆಗೆ ಕೈ ಹೇಗೆ ಹಿಡಿಯಬೇಕೆಂಬುದು ಪಾಠದಿಂದ ಪಾಠಕ್ಕೆ ಬೇರೆ, ನಿಮ್ಮ ಗುರುಗಳ ಕ್ರಮವನ್ನೇ ಇಟ್ಟುಕೊಳ್ಳಿ.

ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಮೂರು ಪೆಟ್ಟುಗಳನ್ನು ಸಮದೂರದಲ್ಲಿ ಹಾಕುವುದು. ಮೊದಲ ಪಾಲಿಗೆ ಮೂರು ಮಾತ್ರೆ, ಉಳಿದೆರಡಕ್ಕೆ ಎರಡೆರಡು. ಸಮ ಮಾಡಿದಿರೋ, ಏಳು ಹೋಗಿ ಆರಾಗುತ್ತದೆ, ಮೃದಂಗದವರು ನಿಮ್ಮ ಕಡೆ ನೋಡುತ್ತಾರೆ. ಖಂಡಛಾಪುವಿಗೆ ಐದು, 2+3.

ಎಡುಪ್ಪು ಎಂದರೇನು? ಹಾಡು ಸಮದಲ್ಲೇ ಏಕೆ ಶುರುವಾಗುವುದಿಲ್ಲ?

ಆವರ್ತದಲ್ಲಿ ಹಾಡು ಎತ್ತುವ ಜಾಗ ಎಡುಪ್ಪು. ತಾಳ, ಹಾಡು ಒಟ್ಟಿಗೆ ಶುರುವಾದರೆ ಸಮಗ್ರಹ. ತಾಳ ಶುರುವಾದ ಮೇಲೆ ಹಾಡು ಬಂದರೆ ಅನಾಗತ, ಹಾಡು ಮೊದಲು ಬಂದು ತಾಳ ಆಮೇಲೆ ಸೇರಿಕೊಂಡರೆ ಅತೀತ. ಹೆಚ್ಚು ಕಾಣಸಿಗುವುದು ಸಮ, ಸಮದಿಂದ ಅರ್ಧ ಎಣಿಕೆ ತಡ, ಆದಿತಾಳದಲ್ಲಿ ಒಂದೂವರೆ ಎಣಿಕೆ ತಡ. ಸಾಹಿತ್ಯದ ಮೊದಲ ಶಬ್ದಕ್ಕಿಂತ ಮುಂದಿನ ಶಬ್ದಕ್ಕೆ ಒತ್ತು ಬೀಳಬೇಕಾದಾಗ, ಪಲ್ಲವಿಗೆ ಮರಳುವಾಗ ಉಸಿರಿಗೆ ಎಡೆ ಬೇಕಾದಾಗ ಈ ತಡ ಚೆನ್ನಾಗಿ ಒದಗುತ್ತದೆ.

ಅರ್ಧ ಎಡುಪ್ಪಿನ ಹಾಡನ್ನು ಕಲಿಯುವಾಗ ‘ಪೆಟ್ಟಾದ ಸ್ವಲ್ಪ ಹೊತ್ತಿಗೆ’ ಎಂಬ ಅಂದಾಜಿನಲ್ಲಿ ಎತ್ತಬೇಡಿ. ಮೊದಲ ಎಣಿಕೆಯಲ್ಲಿ ಮನಸ್ಸಿನಲ್ಲೇ ‘ತಕ’ ಹೇಳಿ ‘ಧಿಮಿ’ಗೆ ಹಾಡು ಎತ್ತಿ.

ಮುಕ್ತಾಯದ ಲೆಕ್ಕ ಹಾಕುವುದು ಹೇಗೆ?

ನುಡಿಸಿಕೆಯನ್ನು ಮುಗಿಸುವ ಕಟ್ಟು ಮುಕ್ತಾಯ: ಒಂದು ಸೊಲ್ಲುಕಟ್ಟು (ಮೃದಂಗದ ನುಡಿಗಳ ಗುಂಪು) ಮೂರು ಸಲ, ನಡುವೆ ಎರಡು ಕಾರ್ವೆ (ಬಿಡುವು). ಸೊಲ್ಲಿನ ಮಾತ್ರೆಗಳನ್ನು ಮೂರರಿಂದ, ಕಾರ್ವೆಯ ಮಾತ್ರೆಗಳನ್ನು ಎರಡರಿಂದ ಗುಣಿಸಿ ಕೂಡಿಸಿ. ಆದಿತಾಳದ 32ರಲ್ಲಿ ಅದನ್ನು ಕಳೆದರೆ ಎಷ್ಟು ಮಾತ್ರೆ ಬಿಟ್ಟು ಶುರು ಮಾಡಬೇಕೆಂಬುದು ಸಿಗುತ್ತದೆ.

‘ತದಿಗಿಣತೊಂ’ ಐದು ಮಾತ್ರೆ. ಕಾರ್ವೆ ಇಲ್ಲದೆ ಮೂರು ಸಲಕ್ಕೆ 15. 32ರಲ್ಲಿ 15 ಕಳೆದರೆ 17, ಅಂದರೆ ನಾಲ್ಕು ಎಣಿಕೆ ಮತ್ತು ಒಂದು ಮಾತ್ರೆ ಬಿಡಬೇಕು. ದ್ರುತದ ಪೆಟ್ಟು ಬಿದ್ದ ಮರು ಮಾತ್ರೆಗೆ ಶುರು. ಎರಡು ಮಾತ್ರೆಯ ಕಾರ್ವೆ ಸೇರಿಸಿದರೆ 19, ಬಿಡಬೇಕಾದದ್ದು 13, ಅಂದರೆ ನಾಲ್ಕನೇ ಎಣಿಕೆಯ (ನಡುಬೆರಳಿನ) ಎರಡನೇ ಮಾತ್ರೆಗೆ ಶುರು. ಹಾಡಿನ ಎಡುಪ್ಪು ಅರ್ಧ ಎಣಿಕೆ ತಡವಾಗಿದ್ದರೆ ಶುರುವನ್ನೂ ಎರಡು ಮಾತ್ರೆ ಮುಂದೂಡಿ, ಒಂದೂವರೆ ತಡವಾಗಿದ್ದರೆ ಆರು ಮಾತ್ರೆ. ಎಡುಪ್ಪನ್ನು ಮರೆತು ಸಮಕ್ಕೆ ಮುಗಿಸಿ, ಆಮೇಲೆ ಹಾಡಿಗಾಗಿ ಕಾಯುವುದು ತನಿ ಆವರ್ತನ (ಮೃದಂಗದವರ ಒಂಟಿ ನುಡಿಸಿಕೆ) ಕಲಿಯುವವರಲ್ಲಿ ತೀರಾ ಸಾಮಾನ್ಯ.

ಕಾಗದದ ಮೇಲೆ ಸರಿ ಬಂದ ಲೆಕ್ಕ ಕೈಯಲ್ಲಿ ತಪ್ಪಿದರೆ ಕಾರ್ವೆಯನ್ನು ಅನುಮಾನಿಸಿ. ಎರಡನೇ ಕಾರ್ವೆ ಮೊದಲನೆಯದಕ್ಕಿಂತ ಗಿಡ್ಡವಾಗಿರುತ್ತದೆ, ಮುಗಿಸುವ ಅವಸರಕ್ಕೆ.

ಎರಡು ಕಳೆ ಎಂದರೆ ಎರಡನೇ ಕಾಲವೇ?

ಅಲ್ಲ, ಬಹುಮಟ್ಟಿಗೆ ಅದರ ವಿರುದ್ಧ. ಎರಡನೇ ಕಾಲದಲ್ಲಿ ಸ್ವರಗಳು ಇಮ್ಮಡಿ ವೇಗ ಪಡೆಯುತ್ತವೆ. ಎರಡು ಕಳೆಯಲ್ಲಿ ತಾಳವೇ ಇಮ್ಮಡಿ ಉದ್ದವಾಗುತ್ತದೆ: ಪ್ರತಿ ಕ್ರಿಯೆಯನ್ನೂ ಎರಡೆರಡು ಸಲ ಹಾಕುತ್ತೇವೆ. ಆದಿತಾಳ 16 ಎಣಿಕೆ, ಚತುರಶ್ರ ನಡೆಯಲ್ಲಿ 64 ಮಾತ್ರೆ. ನಿಧಾನದ ಕೃತಿಗಳಿಗೂ ರಾಗ ತಾನ ಪಲ್ಲವಿಗೂ ಈ ವಿಸ್ತಾರ ಬೇಕು.

ಮೆಟ್ರೊನೋಮ್ ಜೊತೆ ಸರಿ ಹಾಡುತ್ತೇನೆ, ಅದಿಲ್ಲದಿದ್ದರೆ ಓಡುತ್ತೇನೆ.

ಪ್ರತಿ ಎಣಿಕೆಗೂ ಸದ್ದು ಸಿಗುತ್ತಿದ್ದರೆ ಲಯ ಕಾಯುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಸದ್ದನ್ನು ಕಡಿಮೆ ಮಾಡುತ್ತ ಬನ್ನಿ. ನಿಮಿಷಕ್ಕೆ 80 ಎಣಿಕೆಯ ಹಾಡಿಗೆ ಯಂತ್ರವನ್ನು 40ಕ್ಕೆ ಇಟ್ಟು, ಸದ್ದು 1, 3, 5, 7ನೇ ಎಣಿಕೆಗೆ ಬೀಳುವಂತೆ ಆದಿತಾಳ ಹಾಕಿ. ಅದು ಪಳಗಿದ ಮೇಲೆ ಸದ್ದು 2, 4, 6, 8ಕ್ಕೆ ಬೀಳುವಂತೆ ತಾಳವನ್ನು ಸರಿಸಿಕೊಳ್ಳಿ. ಆಗ ಎರಡು ಹುಸಿಗಳೂ ಸದ್ದಿನ ಮೇಲೆಯೇ ಬರುತ್ತವೆ, ಹುಸಿ ಕಿರಿದಾಗುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಜೊತೆಗೆ ದೀರ್ಘ ಸ್ವರಗಳನ್ನು ಪರೀಕ್ಷಿಸಿ. ನಾಲ್ಕು ಮಾತ್ರೆ ನಿಲ್ಲಬೇಕಾದ ಪಂಚಮವನ್ನು ಮೂರೂವರೆಗೇ ಬಿಡುವ ಅಭ್ಯಾಸ ಬಹಳ ಜನಕ್ಕಿದೆ.

ಹಿಂದೂಸ್ತಾನಿಯವರು ಕೈಯಲ್ಲಿ ತಾಳ ಹಾಕುವುದಿಲ್ಲ ಏಕೆ?

ಅಲ್ಲಿ ತಾಳವನ್ನು ಹೊರುವುದು ತಬಲಾದ ಠೇಕಾ. ಅಲ್ಲಿ ‘ಮಾತ್ರೆ’ ಎಂದರೆ ನಮ್ಮ ಎಣಿಕೆಯೇ, ಅದರ ಪಾಲಲ್ಲ. ತೀನ್‌ತಾಲದ 16 ಮಾತ್ರೆಗೆ ‘ಧಾ ಧಿನ್ ಧಿನ್ ಧಾ | ಧಾ ಧಿನ್ ಧಿನ್ ಧಾ | ಧಾ ತಿನ್ ತಿನ್ ತಾ | ತಾ ಧಿನ್ ಧಿನ್ ಧಾ’ ಎಂದು ನುಡಿಯುತ್ತಲೇ ಇರುತ್ತದೆ. ಒಂಬತ್ತನೇ ಮಾತ್ರೆಯಿಂದಾಚೆ ಡಗ್ಗಾದ (ಎಡಗೈಯ ತಬಲಾದ) ಗುಂಯ್‌ಕಾರ ಇಲ್ಲವಾಗುತ್ತದೆ, ಅದೇ ಖಾಲಿ. ಕಿವಿಯಿಂದಲೇ ಜಾಗ ತಿಳಿಯುತ್ತದೆ. ನಮ್ಮ ಮೃದಂಗಕ್ಕೆ ಹೀಗೆ ಕಟ್ಟಿಟ್ಟ ಠೇಕಾ ಇಲ್ಲ, ಅದು ಹಾಡಿನ ನಡೆಯನ್ನು ಅನುಸರಿಸುತ್ತದೆ. ಆದ್ದರಿಂದ ತಾಳ ಕೈಯಲ್ಲಿರಲೇಬೇಕು.

ಧಾರವಾಡ, ಹುಬ್ಬಳ್ಳಿ ಕಡೆಯ ಕಚೇರಿಗಳನ್ನು ಕೇಳುವ ದಕ್ಷಿಣದವರು ಎರಡು ಕಡೆ ಎಡವುತ್ತಾರೆ. ವಿಲಂಬಿತ ಏಕತಾಲದ 12 ಮಾತ್ರೆಗೆ ಒಂದು ನಿಮಿಷದಷ್ಟು ಹಿಡಿಯುವುದುಂಟು, ಅಲ್ಲಿ ಎಣಿಸುವ ಬದಲು ಬೋಲುಗಳನ್ನು ಕೇಳಬೇಕು. ಇನ್ನು ತಿಹಾಯಿ, ಅಂದರೆ ಮೂರು ಸಲ ನುಡಿಸಿ ಮುಗಿಸುವ ಅಲ್ಲಿನ ಕಟ್ಟು: ಅದರ ಕೊನೆಯ ಅಕ್ಷರವೇ ಸಮದ ಮೇಲೆ ಬೀಳುತ್ತದೆ. ನಮ್ಮ ಮುಕ್ತಾಯ ಸಾಮಾನ್ಯವಾಗಿ ಪೂರ್ತಿ ಮುಗಿದ ಮೇಲೆ ಎಡುಪ್ಪು ಬರುತ್ತದೆ. ಹಾಗಾಗಿ ಅದೇ ಐದರ ಸೊಲ್ಲು ಕಾರ್ವೆಯಿಲ್ಲದೆ ಮೂರು ಸಲ ಬಂದರೆ ನಮ್ಮಲ್ಲಿ ಸಮಕ್ಕೆ 15 ಮಾತ್ರೆ ಮೊದಲು, ಅಲ್ಲಿ 14 ಮಾತ್ರೆ ಮೊದಲು ಶುರು. ಅಲ್ಲಿನ ರೂಪಕ್ ಏಳು ಮಾತ್ರೆಯದು, ಅದರ ಸಮವೇ ಖಾಲಿ. ನಮ್ಮ ರೂಪಕದ ಲೆಕ್ಕ ಅಲ್ಲಿ ನಡೆಯದು.

ಯಕ್ಷಗಾನದ ತಾಳಗಳೂ ಇವೇ ಏನು?

ಏಕ, ರೂಪಕ, ಝಂಪೆ, ತ್ರಿವುಡೆ, ಆದಿ ಎಂಬ ಹೆಸರುಗಳು ಪರಿಚಿತವಾಗಿ ಕೇಳಿಸಿದರೂ ನುಡಿಸುವ ರೀತಿ, ಕುಣಿತಕ್ಕೆ ತಕ್ಕ ಬಿಡ್ತಿಗೆ, ಮುಕ್ತಾಯಗಳು ಬೇರೆ. ಸಂಗೀತದ ಪಾಠ ಆಗಿದೆ ಎಂಬ ಧೈರ್ಯದಲ್ಲಿ ಭಾಗವತಿಕೆಗೆ ತಾಳ ಹಿಡಿಯಲು ಹೋಗಬೇಡಿ, ಚೆಂಡೆ ಮದ್ದಲೆಯವರ ಬಳಿ ಹೊಸದಾಗಿಯೇ ಕಲಿಯಿರಿ.

108 ತಾಳಗಳನ್ನು ಕಲಿಯಬೇಕೇ?

ಹಾಡುವುದಕ್ಕೆ ಬೇಕಿಲ್ಲ. ಅವುಗಳಲ್ಲಿ ಗುರು (8), ಪ್ಲುತ (12), ಕಾಕಪಾದ (16) ಎಂಬ ದೊಡ್ಡ ಅಂಗಗಳೂ ಬರುತ್ತವೆ. 128 ಎಣಿಕೆಯ ಸಿಂಹನಂದನ ಈ ಪಟ್ಟಿಯದ್ದು. ಪಲ್ಲವಿಯಲ್ಲಿ, ಅವಧಾನದಲ್ಲಿ ಆಸಕ್ತಿಯುಳ್ಳವರಿಗೆ ಅದೊಂದು ಬೇರೆಯೇ ಸಾಧನೆ. ಬಳಕೆಗೆ ಆದಿ, ರೂಪಕ, ಎರಡು ಛಾಪು ಗಟ್ಟಿಯಾಗಿದ್ದರೆ ಕಚೇರಿಯ ಬಹುಪಾಲು ದಾಟಬಹುದು.

ಆನ್‌ಲೈನ್ ಪಾಠದಲ್ಲಿ ಗುರುಗಳ ಜೊತೆ ತಾಳ ಕೂಡುವುದೇ ಇಲ್ಲ.

ಕೂಡುವುದಿಲ್ಲ, ಪ್ರಯತ್ನಿಸಿಯೂ ಉಪಯೋಗವಿಲ್ಲ. ವಿಡಿಯೊ ಕರೆಯಲ್ಲಿ ದನಿ ತಲುಪಲು ಸೆಕೆಂಡಿನ ಐದನೇ ಒಂದು ಪಾಲು ತಡವಾಯಿತೆನ್ನಿ. 60ರ ಲಯದ ಮೂರನೇ ಕಾಲದಲ್ಲಿ ಒಂದು ಸ್ವರಕ್ಕಿರುವುದೇ ಕಾಲು ಸೆಕೆಂಡು, ಹೆಚ್ಚುಕಡಿಮೆ ಒಂದು ಸ್ವರವೇ ಹಿಂದೆ ಬಿತ್ತು. ನೀವು ಗುರುಗಳ ದನಿಗೆ ಸರಿಯಾಗಿ ಹಾಡಿದರೂ ನಿಮ್ಮ ದನಿ ಮರಳುವಷ್ಟರಲ್ಲಿ ಅವರಿಗೆ ಈ ತಡ ಇಮ್ಮಡಿಯಾಗಿ ಕೇಳಿಸುತ್ತದೆ. ಅವರು ನಿಮಗಾಗಿ ನಿಧಾನಿಸುತ್ತಾರೆ, ನೀವು ಅವರಿಗಾಗಿ ನಿಧಾನಿಸುತ್ತೀರಿ, ಹಾಡು ಕುಸಿಯುತ್ತದೆ.

ಬೆಂಗಳೂರಿನಿಂದ ಅಮೆರಿಕಕ್ಕೆ, ದುಬೈಗೆ ಪಾಠ ಹೇಳುವವರು ಒಬ್ಬರಾದ ಮೇಲೊಬ್ಬರು ಹಾಡುವ ಕ್ರಮ ಇಟ್ಟುಕೊಂಡರೆ ಒಳ್ಳೆಯದು. ಗುರು ಒಂದು ಸಾಲು ಹಾಡುವಾಗ ಶಿಷ್ಯರ ಮೈಕು ಬಂದ್, ಅವರು ತಮ್ಮ ಕಡೆ ಕೇಳಿಸಿದ್ದಕ್ಕೆ ತಾಳ ಹಾಕುತ್ತಿರಲಿ. ಶಿಷ್ಯ ಹಾಡುವಾಗ ಶ್ರುತಿ, ಮೆಟ್ರೊನೋಮ್ ಎರಡೂ ಶಿಷ್ಯನ ಮನೆಯಲ್ಲೇ ನುಡಿಯಲಿ, ಕ್ಯಾಮೆರಾದಲ್ಲಿ ಮುಖದ ಜೊತೆ ಬಲಗೈಯೂ ಕಾಣಲಿ. ತಾಳದ ಪೆಟ್ಟು ಸದ್ದಾಗಿ ಕೇಳುವಂತೆ ತೊಡೆಯ ಬದಲು ಮಡಿಲಲ್ಲಿ ಪುಸ್ತಕ ಇಟ್ಟು ಹಾಕಿಸಿ. ಕರೆಯ ಆ್ಯಪ್‌ಗಳು ಇಂಥ ಸದ್ದನ್ನು ಗದ್ದಲವೆಂದು ಅಳಿಸಿಬಿಡುವುದರಿಂದ ಅದರ ಸೆಟ್ಟಿಂಗಿನಲ್ಲಿ ಗದ್ದಲ ತಗ್ಗಿಸುವ ಆಯ್ಕೆಯನ್ನು ಪಾಠದ ಹೊತ್ತಿಗೆ ಆಫ್ ಮಾಡಿಡಬೇಕು. ವಾರಕ್ಕೊಂದು ಸಲ ಫೋನಿನಲ್ಲೇ ಹಾಡು, ತಾಳ ಎರಡನ್ನೂ ರೆಕಾರ್ಡ್ ಮಾಡಿ ಕಳಿಸಿದರೆ ಲಯ ಎಲ್ಲಿ ಓಡಿತು, ಯಾವ ಎಣಿಕೆ ಕಿರಿದಾಯಿತು ಎಂಬುದನ್ನು ಗುರುಗಳು ನೆಟ್‌ವರ್ಕಿನ ತಡವಿಲ್ಲದೆ ಕೇಳಿ ಹೇಳಬಹುದು.